ತೋಟದ ಪೆಟ್ಟಿಗೆಗೂ ಬೇಕು ಒಂದು ಉತಾರ: ನಿಸ್ತಂತು ಚಿಪ್ಪನ್ನು ಲಿನಕ್ಸ್‌ಗೆ ಪರಿಚಯಿಸುವ ‘ಡಿವೈಸ್ ಟ್ರೀ’

ವಿಜಯಪುರ: ಅಕ್ಟೋಬರ್ ಚಾಟ್ನಿ ಮುಗಿದು ದ್ರಾಕ್ಷಿ ಬಳ್ಳಿ ಚಿಗುರೊಡೆಯುವ ದಿನಗಳಲ್ಲಿ ತಿಕೋಟಾ, ಬಬಲೇಶ್ವರ ಭಾಗದ ಬೆಳೆಗಾರರ ಕಣ್ಣು ಆಕಾಶದ ಮೇಲಿರುತ್ತದೆ. ಅಕಾಲಿಕ ಮಳೆ ಬಿದ್ದು ಎಲೆಯ ಮೇಲೆ ನೀರು ಕೆಲವು ಗಂಟೆ ನಿಂತರೆ ಸಾಕು, ಡೌನಿ ರೋಗ ಹೂಗೊನೆಗೇ ತಗಲುತ್ತದೆ. ಔಷಧ ಸಿಂಪಡಿಸುವುದು ಇಂದೋ ನಾಳೆಯೋ ಎಂಬ ಒಂದೇ ನಿರ್ಧಾರದ ಮೇಲೆ ವರ್ಷದ ಬೆಳೆ ನಿಂತಿರುತ್ತದೆ.

ಈ ನಿರ್ಧಾರಕ್ಕೆ ನೆರವಾಗಲೆಂದು ತೋಟದ ನಡುವೆ ಕಂಬ ನೆಟ್ಟು ಹವಾಮಾನ ಅಳೆಯುವ ಪೆಟ್ಟಿಗೆ ಇಡುವ ಪದ್ಧತಿ ದ್ರಾಕ್ಷಿ ಬೆಳೆಯುವ ಪ್ರದೇಶಗಳಲ್ಲಿ ಬೆಳೆಯುತ್ತಿದೆ. ಉಷ್ಣಾಂಶ, ಗಾಳಿಯ ತೇವ, ಎಲೆಯ ತೇವ, ಮಣ್ಣಿನ ತೇವ ಇವೆಲ್ಲವನ್ನೂ ಅದು ಅಳೆಯುತ್ತದೆ. ಅಳೆದದ್ದನ್ನು ನಿಸ್ತಂತುವಾಗಿ ಮನೆಯ ಮೇಲಿರುವ ಇನ್ನೊಂದು ಪೆಟ್ಟಿಗೆಗೆ ಕಳುಹಿಸುತ್ತದೆ. ಅಲ್ಲಿಂದ ಮಾಹಿತಿ ಮೊಬೈಲ್‌ಗೆ ಬರುತ್ತದೆ. ಮನೆಯ ಮೇಲಿನ ಈ ಪೆಟ್ಟಿಗೆಯನ್ನು ‘ಗೇಟ್‌ವೇ’ ಎನ್ನುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುವ ಅಂಗೈ ಅಗಲದ ಕಂಪ್ಯೂಟರ್.

ಇಂಥ ಪೆಟ್ಟಿಗೆಯ ತಂತ್ರಾಂಶವನ್ನು ಒಂದು ದಿನ ನವೀಕರಿಸಲಾಯಿತು ಎಂದಿಟ್ಟುಕೊಳ್ಳೋಣ. ದೀಪ ಉರಿಯುತ್ತದೆ, ಕಂಪ್ಯೂಟರ್ ಏಳುತ್ತದೆ, ಆದರೆ ವೈಫೈ ಮಾತ್ರ ಇಲ್ಲ. ಚಿಪ್ ಸುಟ್ಟಿಲ್ಲ, ಆಂಟೆನಾ ಮುರಿದಿಲ್ಲ. ಅಲ್ಲೊಂದು ವೈಫೈ ಚಿಪ್ ಇದೆ ಎಂಬ ಸಂಗತಿಯೇ ಲಿನಕ್ಸ್‌ಗೆ ತಿಳಿದಿಲ್ಲ. ಇದನ್ನು ತಿಳಿಸುವ ಹೊಣೆ ಹೊತ್ತಿರುವುದು ‘ಡಿವೈಸ್ ಟ್ರೀ’ ಎಂಬ ಸಣ್ಣ ಕಡತ. ಕನ್ನಡದಲ್ಲಿ ಸಾಧನ ವೃಕ್ಷ ಎನ್ನಬಹುದು. ಕೆಲವೇ ಹತ್ತು ಕಿಲೋಬೈಟ್ ಗಾತ್ರದ ಈ ಕಡತ ಯಾರ ಬಳಿ ಇದೆ, ಅದನ್ನು ಯಾರು ತಿದ್ದಬಲ್ಲರು ಎಂಬುದರ ಮೇಲೆ ಪೆಟ್ಟಿಗೆಯ ಆಯುಷ್ಯವೇ ನಿಂತಿದೆ.

ತಾನಾಗಿ ಹೇಳುವವು, ಹೇಳದಿರುವವು

ಕಚೇರಿಯ ಕಂಪ್ಯೂಟರ್‌ಗೆ ಯುಎಸ್‌ಬಿ ವೈಫೈ ಕಡ್ಡಿ ಚುಚ್ಚಿದರೆ ಅದು ತಕ್ಷಣ ತನ್ನ ಗುರುತು ಹೇಳಿಕೊಳ್ಳುತ್ತದೆ. ತಯಾರಕರ ಸಂಖ್ಯೆ ಇಂತಿಷ್ಟು, ಮಾದರಿಯ ಸಂಖ್ಯೆ ಇಂತಿಷ್ಟು ಎಂದು ವರದಿ ಒಪ್ಪಿಸುತ್ತದೆ. ಕಾರ್ಯಾಚರಣ ವ್ಯವಸ್ಥೆ ಆ ಸಂಖ್ಯೆಗೆ ತಕ್ಕ ಚಾಲಕ ತಂತ್ರಾಂಶವನ್ನು ಹುಡುಕಿ ಜೋಡಿಸುತ್ತದೆ. ಕಂಪ್ಯೂಟರ್‌ನೊಳಗಿನ ಪಿಸಿಐ ಕಾರ್ಡ್‌ಗಳ ರೀತಿಯೂ ಇದೇ.

ಆದರೆ ಗೇಟ್‌ವೇ, ರೂಟರ್, ಮೊಬೈಲ್ ಫೋನ್‌ಗಳಂಥ ಉಪಕರಣಗಳಲ್ಲಿ ಚಿಪ್‌ಗಳನ್ನು ನೇರವಾಗಿ ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಯಾವ ಚಿಪ್ಪಿನ ಯಾವ ಕಾಲು ಸಂಸ್ಕಾರಕದ ಯಾವ ಕಾಲಿಗೆ ಸೇರಿದೆ, ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ, ಅದನ್ನು ಎಬ್ಬಿಸುವ ತಂತಿ ಯಾವುದು ಎಂಬುದು ಬೋರ್ಡ್ ವಿನ್ಯಾಸ ಮಾಡಿದವರಿಗೆ ಮಾತ್ರ ಗೊತ್ತು. ತಂತಿಗೆ ಬಾಯಿಲ್ಲ.

ವಿಜಯಪುರದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಆದಿಲ್‌ಶಾಹಿ ಕಾಲದಲ್ಲಿ ತಿಕೋಟಾ ದಿಕ್ಕಿನ ತೊರವಿಯಿಂದ ಹಾಗೂ ದಕ್ಷಿಣದ ಬೇಗಂ ತಲಾಬ್‌ನಿಂದ ನಗರಕ್ಕೆ ನೆಲದಡಿಯ ಸುರಂಗ ಮತ್ತು ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ನೀರಿನ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಜಲಗೋಪುರಗಳಿದ್ದವು. ಗೋಪುರಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಆದರೆ ಯಾವ ಗೋಪುರಕ್ಕೆ ಯಾವ ಕೊಳವೆಯಿಂದ ನೀರು ಬರುತ್ತಿತ್ತು ಎಂಬುದನ್ನು ಗೋಪುರವನ್ನು ಎಷ್ಟು ಹೊತ್ತು ನೋಡಿದರೂ ತಿಳಿಯಲಾಗದು. ಅದಕ್ಕೆ ನಕ್ಷೆಯೇ ಬೇಕು. ಬೋರ್ಡ್ ಮೇಲಿನ ತಂತಿಗಳ ಸ್ಥಿತಿಯೂ ಇದೇ.

ಬೋರ್ಡ್‌ನ ಉತಾರ

ಡಿವೈಸ್ ಟ್ರೀ ಎಂದರೆ ಬೋರ್ಡ್‌ನ ಪಹಣಿ. ಉತ್ತರ ಕರ್ನಾಟಕದ ಮಾತಿನಲ್ಲಿ ಹೇಳುವುದಾದರೆ ಉತಾರ. ಜಮೀನಿನ ಉತಾರದಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಮಣ್ಣಿನ ಬಗೆ, ನೀರಾವರಿ ಮೂಲ, ಬೆಳೆ ಎಲ್ಲವೂ ಒಂದೊಂದು ಕಾಲಂನಲ್ಲಿ ಇರುವಂತೆ, ಇಲ್ಲಿ ಪ್ರತಿಯೊಂದು ಚಿಪ್ಪಿಗೂ ಒಂದು ನಮೂದು ಇರುತ್ತದೆ. ಆ ನಮೂದನ್ನು ‘ನೋಡ್’ ಎನ್ನುತ್ತಾರೆ. ಅದರೊಳಗಿನ ಒಂದೊಂದು ಸಾಲು ‘ಪ್ರಾಪರ್ಟಿ’ ಅಥವಾ ಗುಣಲಕ್ಷಣ.

ಬೇರಿನ ಸ್ಥಾನದಲ್ಲಿ ಇಡೀ ಬೋರ್ಡ್ ಇರುತ್ತದೆ. ಅದರಿಂದ ಸಂಸ್ಕಾರಕ, ಸ್ಮರಣಕೋಶ, ಒಳಗಿನ ನಿಯಂತ್ರಕಗಳು ಎಂದು ಕೊಂಬೆಗಳು ಒಡೆಯುತ್ತವೆ. ನಿಯಂತ್ರಕಕ್ಕೆ ತಂತಿಯಿಂದ ಜೋಡಿಸಿದ ಚಿಪ್ ಆ ಕೊಂಬೆಯ ಕೆಳಗಿನ ರೆಂಬೆಯಾಗುತ್ತದೆ. ಆದ್ದರಿಂದಲೇ ‘ಟ್ರೀ’, ಅಂದರೆ ಮರ, ಎಂಬ ಹೆಸರು.

ನೋಡ್‌ನಲ್ಲಿರುವ ಸಾಲುಗಳ ಪೈಕಿ ಅತಿ ಮುಖ್ಯವಾದುದು ‘ಕಂಪ್ಯಾಟಿಬಲ್’. ಚಿಪ್ ತಯಾರಕರ ಸಂಕ್ಷಿಪ್ತ ಹೆಸರು, ಅಲ್ಪವಿರಾಮ, ಬಳಿಕ ಮಾದರಿಯ ಹೆಸರು ಎಂಬ ಕ್ರಮದಲ್ಲಿ ಇದನ್ನು ಬರೆಯಲಾಗುತ್ತದೆ. ಪ್ರತಿಯೊಂದು ಚಾಲಕ ತಂತ್ರಾಂಶದಲ್ಲಿಯೂ ತಾನು ಯಾವ ಯಾವ ಹೆಸರುಗಳಿಗೆ ಓಗೊಡುತ್ತೇನೆ ಎಂಬ ಪಟ್ಟಿ ಇರುತ್ತದೆ. ಎರಡೂ ಕಡೆಯ ಹೆಸರು ಅಕ್ಷರಶಃ ಹೊಂದಿದರೆ ಮಾತ್ರ ಚಾಲಕ ಮುಂದೆ ಬರುತ್ತದೆ. ಒಂದು ಅಕ್ಷರ ತಪ್ಪಿದರೂ ಯಾರೂ ಬರುವುದಿಲ್ಲ. ಬಹಳ ಸಲ ದೋಷಸಂದೇಶವೂ ಬರುವುದಿಲ್ಲ ಎಂಬುದು ಗಮನಾರ್ಹ. ಏಕೆಂದರೆ ಅದು ಲಿನಕ್ಸ್‌ನ ಮಟ್ಟಿಗೆ ದೋಷವೇ ಅಲ್ಲ. ತನಗೆ ಪರಿಚಯವಿಲ್ಲದ ಒಂದು ಸಾಧನ, ಅಷ್ಟೆ.

ಎರಡನೆಯದು ‘ರೆಗ್’. ಇದು ವಿಳಾಸ. ಮೂರನೆಯದು ‘ಇಂಟರಪ್ಟ್ಸ್’. ಚಿಪ್ಪಿಗೆ ಏನಾದರೂ ಹೇಳುವುದಿದ್ದರೆ ಯಾವ ತಂತಿಯ ಮೂಲಕ ಸಂಸ್ಕಾರಕದ ಬಾಗಿಲು ತಟ್ಟುತ್ತದೆ ಎಂಬ ವಿವರ. ಇವಲ್ಲದೆ ವಿದ್ಯುತ್ ಮೂಲ, ಗಡಿಯಾರದ ಮೂಲ, ಮರುಹೊಂದಿಕೆಯ ತಂತಿ ಮುಂತಾದ ಸಾಲುಗಳಿರುತ್ತವೆ. ಒಂದು ನೋಡ್ ಇನ್ನೊಂದರತ್ತ ಬೆರಳು ಮಾಡಿ ‘ನನಗೆ ವಿದ್ಯುತ್ ಕೊಡುವವನು ಅವನು’ ಎಂದು ಹೇಳಲು ಸಾಧ್ಯ. ಉತಾರದಲ್ಲಿ ನೀರಾವರಿಗೆ ಬಾವಿಯೋ ಕಾಲುವೆಯೋ ಎಂದು ಬರೆದಿರುವಂತೆ.

ಮನುಷ್ಯರು ಓದಬಲ್ಲ ರೂಪದಲ್ಲಿ ಬರೆದ ಕಡತವನ್ನು ಡಿಟಿಎಸ್ ಎನ್ನುತ್ತಾರೆ. ಹಲವು ಬೋರ್ಡ್‌ಗಳಿಗೆ ಸಮಾನವಾದ ಭಾಗವನ್ನು ಡಿಟಿಎಸ್‌ಐ ಎಂಬ ಪ್ರತ್ಯೇಕ ಕಡತದಲ್ಲಿಟ್ಟು ಸೇರಿಸಿಕೊಳ್ಳುತ್ತಾರೆ. ಡಿಟಿಸಿ ಎಂಬ ಅನುವಾದಕ ಇದನ್ನು ಯಂತ್ರ ಓದುವ ಡಿಟಿಬಿ ರೂಪಕ್ಕೆ ತರುತ್ತದೆ. ಪೆಟ್ಟಿಗೆಗೆ ವಿದ್ಯುತ್ ಹರಿದೊಡನೆ ಮೊದಲು ಏಳುವ ಯು-ಬೂಟ್‌ನಂಥ ಬೂಟ್‌ಲೋಡರ್ ಈ ಡಿಟಿಬಿಯನ್ನು ಸ್ಮರಣಕೋಶದಲ್ಲಿಟ್ಟು ‘ಇದು ಈ ಬೋರ್ಡ್‌ನ ವಿವರ’ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ.

ವೈಫೈ ಚಿಪ್ಪನ್ನು ಎಬ್ಬಿಸುವ ಬಗೆ

ಸಣ್ಣ ಕಂಪ್ಯೂಟರ್‌ಗಳಲ್ಲಿ ವೈಫೈ ಚಿಪ್ಪನ್ನು ಹೆಚ್ಚಾಗಿ ಎಸ್‌ಡಿಐಒ ಎಂಬ ದಾರಿಯಲ್ಲಿ ಜೋಡಿಸುತ್ತಾರೆ. ಮೆಮರಿ ಕಾರ್ಡ್ ಓದುವ ಅದೇ ತಂತಿಗಳು ಇಲ್ಲಿ ವೈಫೈಗೂ ಬಳಕೆಯಾಗುತ್ತವೆ. ದತ್ತಾಂಶಕ್ಕೆ ನಾಲ್ಕು ತಂತಿ, ಆಜ್ಞೆಗೆ ಒಂದು, ಗಡಿಯಾರಕ್ಕೆ ಒಂದು.

ಇಲ್ಲೊಂದು ಸೂಕ್ಷ್ಮವಿದೆ. ಎಸ್‌ಡಿಐಒ ದಾರಿಯ ಚಿಪ್ ಕೇಳಿದರೆ ತನ್ನ ಗುರುತು ಹೇಳಬಲ್ಲದು. ಹಾಗಿದ್ದ ಮೇಲೆ ಡಿವೈಸ್ ಟ್ರೀ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳ: ಮಲಗಿರುವವನನ್ನು ಹೆಸರು ಕೇಳಿದರೆ ಹೇಳಲಾರ, ಮೊದಲು ಎಬ್ಬಿಸಬೇಕು. ವಿದ್ಯುತ್ ಕೊಟ್ಟು, 32.768 ಕಿಲೋಹರ್ಟ್ಸ್‌ನ ನಿಧಾನ ಗಡಿಯಾರದ ಸಂಕೇತವನ್ನು ಹರಿಸಿ, ಮರುಹೊಂದಿಕೆಯ ತಂತಿಯನ್ನು ಬಿಡುಗಡೆ ಮಾಡಿ, ಕೆಲವು ಮಿಲಿಸೆಕೆಂಡ್ ಕಾದ ಮೇಲೆ ಮಾತ್ರ ಚಿಪ್ ಮಾತನಾಡುತ್ತದೆ. ಈ ಕ್ರಮವನ್ನು ವಿವರಿಸಲೆಂದೇ ‘ಎಂಎಂಸಿ-ಪವರ್‌ಸೀಕ್ವೆನ್ಸ್-ಸಿಂಪಲ್’ ಎಂಬ ಪ್ರತ್ಯೇಕ ನೋಡ್ ಇರುತ್ತದೆ. ಮರುಹೊಂದಿಕೆಗೆ ಯಾವ ಪಿನ್, ಗಡಿಯಾರ ಎಲ್ಲಿಂದ, ಎಷ್ಟು ಹೊತ್ತು ಕಾಯಬೇಕು ಎಂಬುದು ಅದರಲ್ಲಿರುತ್ತದೆ.

ಎಸ್‌ಡಿಐಒ ನಿಯಂತ್ರಕದ ನೋಡ್‌ನಲ್ಲಿ ಮೇಲಿನ ಕ್ರಮವನ್ನು ಅನುಸರಿಸುವಂತೆ ಸೂಚನೆ ಇರುತ್ತದೆ. ತಂತಿಗಳ ಸಂಖ್ಯೆ ನಾಲ್ಕು ಎಂದೂ, ಚಿಪ್ಪನ್ನು ಬೆಸುಗೆ ಹಾಕಿರುವುದರಿಂದ ಮೆಮರಿ ಕಾರ್ಡ್‌ನಂತೆ ಕಿತ್ತು ತೆಗೆಯಲಾಗದು ಎಂದೂ ಬರೆದಿರುತ್ತದೆ. ಈ ಕೊನೆಯ ಸಾಲಿಗೆ ‘ನಾನ್-ರಿಮೂವಬಲ್’ ಎಂದು ಹೆಸರು. ಅದನ್ನು ಬರೆಯದಿದ್ದರೆ, ಕಾರ್ಡ್ ಸೇರಿಸಿದ್ದನ್ನು ಸೂಚಿಸುವ ಸಂಕೇತಕ್ಕಾಗಿ ಕರ್ನಲ್ ಕಾಯಬಹುದು. ಅಂಥ ತಂತಿಯೇ ಇಲ್ಲದ ಬೋರ್ಡ್‌ನಲ್ಲಿ ಆ ಸಂಕೇತ ಎಂದೂ ಬಾರದು.

ನಿಯಂತ್ರಕದ ಕೆಳಗಿನ ರೆಂಬೆಯಾಗಿ ವೈಫೈ ಚಿಪ್ಪಿನ ನೋಡ್ ಬರುತ್ತದೆ. ಬ್ರಾಡ್‌ಕಾಮ್ ವಂಶದ ಚಿಪ್‌ಗಳಲ್ಲಿ ಅದರ ಕಂಪ್ಯಾಟಿಬಲ್ ಹೆಸರು ‘ಬಿಆರ್‌ಸಿಎಂ, ಬಿಸಿಎಂ4329-ಎಫ್‌ಎಂಎಸಿ’. ನಿದ್ರೆಯಲ್ಲಿರುವ ಸಂಸ್ಕಾರಕವನ್ನು ಎಬ್ಬಿಸಲು ಚಿಪ್ ಬಳಸುವ ‘ಹೋಸ್ಟ್-ವೇಕ್’ ತಂತಿಯ ವಿವರವೂ ಇಲ್ಲಿರುತ್ತದೆ. ಸೌರಫಲಕ ಮತ್ತು ಬ್ಯಾಟರಿಯ ಮೇಲೆ ನಡೆಯುವ ತೋಟದ ಉಪಕರಣದಲ್ಲಿ ಈ ಒಂದು ತಂತಿ ಮಹತ್ವದ್ದು. ಅದು ಸರಿಯಾಗಿದ್ದರೆ ಸಂಸ್ಕಾರಕ ನಿಶ್ಚಿಂತೆಯಿಂದ ಮಲಗಬಹುದು.

ಇಷ್ಟಾದ ಮೇಲೂ ಚಿಪ್ಪಿಗೆ ತನ್ನದೇ ಆದ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್, ಬೇಕು. ಅದು ಡಿವೈಸ್ ಟ್ರೀಯಲ್ಲಿ ಇರುವುದಿಲ್ಲ, ಪ್ರತ್ಯೇಕ ಕಡತವಾಗಿರುತ್ತದೆ. ಆದರೆ ಎರಡಕ್ಕೂ ನಂಟಿದೆ. ಬ್ರಾಡ್‌ಕಾಮ್ ಚಿಪ್‌ಗಳ ಚಾಲಕವು ಡಿವೈಸ್ ಟ್ರೀಯ ಬೇರಿನಲ್ಲಿ ಬರೆದ ಬೋರ್ಡ್‌ನ ಹೆಸರನ್ನು ಓದಿ, ಆ ಹೆಸರಿಗೆ ತಕ್ಕ ರೇಡಿಯೊ ಹೊಂದಾಣಿಕೆಯ ಕಡತವನ್ನು ಮೊದಲು ಹುಡುಕುತ್ತದೆ. ಬೇರೆ ಬೋರ್ಡ್‌ನ ಡಿವೈಸ್ ಟ್ರೀ ನಕಲು ಮಾಡಿ ಹೆಸರು ಬದಲಿಸದೆ ಬಿಟ್ಟರೆ ವೈಫೈ ಎದ್ದರೂ ಸಂಕೇತದ ಬಲ ಕುಗ್ಗಿರಬಹುದು. ತೋಟದ ಅಂಚಿನವರೆಗೆ ತಲುಪಬೇಕಾದ ಸಂಕೇತ ಅಂಗಳಕ್ಕೇ ನಿಂತಿತೆಂದರೆ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ಒಂದೇ ಚಿಪ್, ಎರಡು ಮನೆ

ಅನೇಕ ಚಿಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಹೊದಿಕೆಯಲ್ಲಿರುತ್ತವೆ. ಆದರೆ ಡಿವೈಸ್ ಟ್ರೀಯಲ್ಲಿ ಅವುಗಳ ಮನೆ ಬೇರೆ ಬೇರೆ. ವೈಫೈ ಎಸ್‌ಡಿಐಒ ಕೊಂಬೆಯ ಕೆಳಗೆ, ಬ್ಲೂಟೂತ್ ಯುಎಆರ್‌ಟಿ ಎಂಬ ಸರಣಿ ದಾರಿಯ ಕೆಳಗೆ. ಸರಣಿ ದಾರಿಗೆ ಜೋಡಿಸಿದ ಚಿಪ್ಪನ್ನು ಹೀಗೆ ರೆಂಬೆಯಾಗಿ ಬರೆದು ಕರ್ನಲ್‌ನಿಂದಲೇ ನಿರ್ವಹಿಸುವ ಸೌಲಭ್ಯ ಬಂದದ್ದು 2017ರ ಲಿನಕ್ಸ್ 4.11ನೇ ಆವೃತ್ತಿಯಲ್ಲಿ. ಅದಕ್ಕೂ ಮುನ್ನ ಪ್ರತ್ಯೇಕ ತಂತ್ರಾಂಶವನ್ನು ಕೈಯಾರೆ ಚಾಲೂ ಮಾಡಬೇಕಿತ್ತು.

2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ 3 ಬೋರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಪೈ ಸರಣಿಯಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಬೋರ್ಡ್‌ನಲ್ಲಿಯೇ ಹೊತ್ತು ಬಂದ ಮೊದಲ ಮಾದರಿ ಇದು. ಅದರಲ್ಲಿನ ಉತ್ತಮ ಸರಣಿ ದಾರಿ ಬ್ಲೂಟೂತ್ ಪಾಲಾಯಿತು. ಹೊರಗಿನ ಪಿನ್‌ಗಳಿಗೆ ಉಳಿದದ್ದು ಕಡಿಮೆ ಸಾಮರ್ಥ್ಯದ ‘ಮಿನಿ ಯುಎಆರ್‌ಟಿ’. ಆ ಪಿನ್‌ಗಳಿಗೆ ಜಿಎಸ್‌ಎಂ ಮೋಡೆಮ್ ಜೋಡಿಸುವವರಿಗೆ ಇದು ತೊಡಕು. ‘ಡಿಸೇಬಲ್-ಬಿಟಿ’ ಎಂಬ ಒಂದು ಸಾಲನ್ನು ಸೆಟ್ಟಿಂಗ್ ಕಡತದಲ್ಲಿ ಬರೆದರೆ ಬ್ಲೂಟೂತ್ ಕೈಬಿಟ್ಟು ಉತ್ತಮ ದಾರಿ ಮತ್ತೆ ಪಿನ್‌ಗಳಿಗೆ ದೊರೆಯುತ್ತದೆ.

ಈ ಸಾಲು ಮಾಡುವ ಕೆಲಸಕ್ಕೆ ‘ಓವರ್‌ಲೇ’ ಎಂದು ಹೆಸರು. ಮೂಲ ಡಿವೈಸ್ ಟ್ರೀಯನ್ನು ಮುಟ್ಟದೆ ಅದರ ಮೇಲೆ ಚಿಕ್ಕದೊಂದು ತುಣುಕನ್ನು ಕೂರಿಸುವ ವಿಧಾನವಿದು. ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಬೇರುಕಾಂಡದ ಮೇಲೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟುವುದಿಲ್ಲವೇ, ಹಾಗೆ. ಬೇರು ಅದೇ, ಮೇಲಿನ ತಳಿ ಬೇರೆ.

ದೂರದ ತೋಟಕ್ಕೆ ಲೋರಾ

ವೈಫೈ ಸಂಕೇತ ಮನೆ, ಅಂಗಳ ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಕೆಲವು ಕಿಲೋಮೀಟರ್ ದೂರದ ತೋಟಕ್ಕೆ ಲೋರಾ ಎಂಬ ಬೇರೆ ಬಗೆಯ ರೇಡಿಯೊ ಬಳಕೆಯಲ್ಲಿದೆ. ವೇಗ ಬಹಳ ಕಡಿಮೆ, ಆದರೆ ಅಲ್ಪ ವಿದ್ಯುತ್ತಿನಲ್ಲಿ ಬಹುದೂರ ತಲುಪುತ್ತದೆ. ಉಷ್ಣಾಂಶ, ತೇವದ ಅಂಕಿಗಳನ್ನು ಕಳುಹಿಸಲು ವೇಗ ಬೇಕಾಗಿಯೂ ಇಲ್ಲ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಮುಕ್ತಗೊಳಿಸಲಾಯಿತು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು.

ತೋಟದ ಕಂಬದ ಮೇಲಿನ ಲೋರಾ ಪೆಟ್ಟಿಗೆಯಲ್ಲಿ ಲಿನಕ್ಸ್ ಇರುವುದು ಅಪರೂಪ. ಅಲ್ಲಿರುವುದು ಚಿಕ್ಕ ಮೈಕ್ರೊಕಂಟ್ರೋಲರ್. ಆದರೆ ಅಲ್ಲಿಗೂ ಡಿವೈಸ್ ಟ್ರೀ ತಲುಪಿದೆ. ಜೆಫಿರ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಸೆಮ್‌ಟೆಕ್ ಕಂಪನಿಯ ಎಸ್‌ಎಕ್ಸ್1276ನಂಥ ಲೋರಾ ಚಿಪ್ಪನ್ನು ಇದೇ ಬರಹದಲ್ಲಿ ವಿವರಿಸುತ್ತದೆ. ವ್ಯತ್ಯಾಸವಿಷ್ಟೆ: ಲಿನಕ್ಸ್ ಈ ಕಡತವನ್ನು ಪ್ರತಿ ಬಾರಿ ಏಳುವಾಗ ಓದುತ್ತದೆ, ಜೆಫಿರ್ ತಂತ್ರಾಂಶ ಕಟ್ಟುವಾಗ ಒಮ್ಮೆ ಓದಿ ಮುಗಿಸುತ್ತದೆ.

ಮನೆಯ ಮೇಲಿನ ಲಿನಕ್ಸ್ ಗೇಟ್‌ವೇಯಲ್ಲಿ ಲೋರಾ ಸಂಕೇತ ಸಂಗ್ರಹಿಸುವ ಚಿಪ್ಪನ್ನು ಎಸ್‌ಪಿಐ ದಾರಿಗೆ ಜೋಡಿಸುತ್ತಾರೆ. ಅದನ್ನು ನಡೆಸುವ ತಂತ್ರಾಂಶ ಸಾಮಾನ್ಯವಾಗಿ ಕರ್ನಲ್‌ನ ಹೊರಗಿರುತ್ತದೆ. ‘ಎಸ್‌ಪಿಐಡೆವ್’ ಎಂಬ ಸಾಮಾನ್ಯ ಬಾಗಿಲಿನ ಮೂಲಕ ಅದು ಚಿಪ್ಪಿನೊಡನೆ ವ್ಯವಹರಿಸುತ್ತದೆ. ಹಿಂದೆ ಹಲವರು ಡಿವೈಸ್ ಟ್ರೀಯ ಕಂಪ್ಯಾಟಿಬಲ್ ಸಾಲಿನಲ್ಲಿ ನೇರವಾಗಿ ‘ಎಸ್‌ಪಿಐಡೆವ್’ ಎಂದೇ ಬರೆಯುತ್ತಿದ್ದರು. ಕರ್ನಲ್ ಮೊದಲು ಇದಕ್ಕೆ ಎಚ್ಚರಿಕೆ ನೀಡಿತು, ನಂತರದ ಆವೃತ್ತಿಗಳಲ್ಲಿ ನಿರಾಕರಿಸಿತು. ಕಾರಣ ತಾತ್ವಿಕವಾದುದು. ಡಿವೈಸ್ ಟ್ರೀ ಯಂತ್ರಾಂಶವನ್ನು ವರ್ಣಿಸಬೇಕೇ ಹೊರತು ತಂತ್ರಾಂಶದ ಅನುಕೂಲವನ್ನಲ್ಲ. ಬೋರ್ಡ್ ಮೇಲೆ ‘ಎಸ್‌ಪಿಐಡೆವ್’ ಎಂಬ ಚಿಪ್ ಇಲ್ಲ. ಅಲ್ಲಿರುವುದು ‘ಸೆಮ್‌ಟೆಕ್, ಎಸ್‌ಎಕ್ಸ್1301’. ಆದ್ದರಿಂದ ಅದನ್ನೇ ಬರೆಯಬೇಕು. ಹೊಲದಲ್ಲಿ ಏನಿದೆಯೋ ಅದನ್ನೇ ಉತಾರದಲ್ಲಿ ಬರೆಯಬೇಕೆಂಬ ನಿಯಮದಂತೆ ಇದು.

ಸಿಂಪ್ಯೂಟರ್ ಕಾಲದಿಂದ ಇಲ್ಲಿಯವರೆಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರ್‌ಗಳು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅನ್ನು ಕನ್ನಡಿಗರು ಮರೆತಿರಲಾರರು. 2001ರಲ್ಲಿ ಅದರ ಮಾದರಿ ಅನಾವರಣಗೊಂಡಿತು, 2004ರಲ್ಲಿ ಮಾರುಕಟ್ಟೆಗೆ ಬಂತು. ಅಂಗೈ ಮೇಲಿನ ಆ ಗಣಕ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸ್ ನಡೆಸುತ್ತಿತ್ತು.

ಆ ಕಾಲದಲ್ಲಿ ಆರ್ಮ್ ಸಂಸ್ಕಾರಕದ ಲಿನಕ್ಸ್‌ಗೆ ಡಿವೈಸ್ ಟ್ರೀ ಇರಲಿಲ್ಲ. ಪ್ರತಿ ಬೋರ್ಡ್‌ಗೂ ಒಂದು ಸಂಖ್ಯೆ ನೋಂದಾಯಿಸಬೇಕಿತ್ತು. ಆ ಬೋರ್ಡ್‌ನ ವಿವರವನ್ನೆಲ್ಲ ಸಿ ಭಾಷೆಯ ಸಂಕೇತವಾಗಿ ಕರ್ನಲ್‌ನೊಳಗೇ ಬರೆಯಬೇಕಿತ್ತು. ಒಂದು ಪಿನ್ ಬದಲಾದರೂ ಕರ್ನಲ್ಲನ್ನೇ ಮತ್ತೆ ಕಟ್ಟಬೇಕು. ಮೊಬೈಲ್ ಫೋನ್‌ಗಳ ಸಂಖ್ಯೆ ಏರಿದಂತೆ ಇಂಥ ಕಡತಗಳು ರಾಶಿಬಿದ್ದವು.

2011ರ ಮಾರ್ಚ್‌ನಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಆರ್ಮ್ ವಿಭಾಗದ ಈ ಅವ್ಯವಸ್ಥೆಯ ವಿರುದ್ಧ ಬಹಿರಂಗವಾಗಿ ಸಿಡಿಮಿಡಿಗೊಂಡರು. ಪರಿಹಾರ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಸನ್ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಹುಟ್ಟಿ, 1994ರಲ್ಲಿ ಐಇಇಇ 1275 ಎಂಬ ಮಾನಕವಾದ ‘ಓಪನ್ ಫರ್ಮ್‌ವೇರ್’ನಲ್ಲಿ ಸಾಧನ ವೃಕ್ಷದ ಕಲ್ಪನೆ ಇತ್ತು. ಪವರ್‌ಪಿಸಿ ಸಂಸ್ಕಾರಕದ ಲಿನಕ್ಸ್ ಅದನ್ನು ಆಗಲೇ ಅಳವಡಿಸಿಕೊಂಡಿತ್ತು. ಆರ್ಮ್ ವಿಭಾಗವೂ ಅದೇ ದಾರಿ ಹಿಡಿಯಿತು. 2012ರ ಡಿಸೆಂಬರ್‌ನಲ್ಲಿ ಹೊರಬಂದ ಲಿನಕ್ಸ್ 3.7ರಲ್ಲಿ ಬೇರೆ ಬೇರೆ ಕಂಪನಿಗಳ ಆರ್ಮ್ ಚಿಪ್‌ಗಳಿಗೆ ಒಂದೇ ಕರ್ನಲ್ ಸಾಕೆನ್ನುವ ಸ್ಥಿತಿ ಬಂತು. ಬದಲಾಗುವುದು ಡಿವೈಸ್ ಟ್ರೀ ಮಾತ್ರ.

2016ರಲ್ಲಿ ಡಿವೈಸ್ ಟ್ರೀಗೆ ಪ್ರತ್ಯೇಕ ನಿರ್ದಿಷ್ಟತಾ ದಾಖಲೆಯೂ ಪ್ರಕಟವಾಯಿತು. ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಮುಂತಾದ ಭಾರತೀಯ ಸಂಸ್ಕಾರಕಗಳು ರಿಸ್ಕ್-ಫೈವ್ ಪಂಗಡಕ್ಕೆ ಸೇರಿದವು. ಆ ಪಂಗಡದ ಲಿನಕ್ಸ್ ಕೂಡ ಡಿವೈಸ್ ಟ್ರೀ ಆಧರಿಸಿಯೇ ನಡೆಯುತ್ತದೆ.

ತಪ್ಪು ಸಣ್ಣದು, ಪರಿಣಾಮ ದೊಡ್ಡದು

ಮರುಹೊಂದಿಕೆಯ ತಂತಿಯ ವಿವರದಲ್ಲಿ ಕೊನೆಗೊಂದು ಅಂಕಿ ಇರುತ್ತದೆ: 0 ಅಥವಾ 1. ವೋಲ್ಟೇಜ್ ಏರಿದಾಗ ಸಂಕೇತ ಜಾರಿಗೆ ಬರುತ್ತದೋ, ಇಳಿದಾಗ ಬರುತ್ತದೋ ಎಂಬುದನ್ನು ಅದು ಹೇಳುತ್ತದೆ. ಇದು ತಲೆಕೆಳಗಾದರೆ ಕರ್ನಲ್ ಚಿಪ್ಪನ್ನು ಎಬ್ಬಿಸುತ್ತಿದ್ದೇನೆ ಎಂದುಕೊಂಡು ಮಲಗಿಸುತ್ತಿರುತ್ತದೆ. ಬೋರ್ಡ್ ಕೆಟ್ಟಿದೆ ಎಂದು ಕಸಕ್ಕೆ ಸೇರುತ್ತದೆ.

ವಿದ್ಯುತ್ ಮೂಲದ ನೋಡ್‌ಗೆ ಚಾಲಕ ಸಿಗದಿದ್ದರೆ ಅದನ್ನೇ ನೆಚ್ಚಿಕೊಂಡ ವೈಫೈ ಸರದಿಯಲ್ಲಿ ಕಾಯುತ್ತಲೇ ಉಳಿಯಬಹುದು. ಹೀಗೆ ಕಾಯುತ್ತಿರುವ ಸಾಧನಗಳ ಪಟ್ಟಿಯನ್ನು ಕರ್ನಲ್ ತನ್ನ ದೋಷಶೋಧನೆಯ ಕಡತಕೋಶದಲ್ಲಿ ‘ಡಿವೈಸಸ್-ಡಿಫರ್ಡ್’ ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ದುರಸ್ತಿ ಮಾಡುವವರು ಮೊದಲು ನೋಡಬೇಕಾದ ಜಾಗವಿದು.

ರೂಟರ್‌ಗಳಲ್ಲಿ ಇನ್ನೊಂದು ತೊಡಕಿದೆ. ಪ್ರತಿ ರೇಡಿಯೊಕ್ಕೂ ಕಾರ್ಖಾನೆಯಲ್ಲಿಯೇ ಅಳೆದು ಬರೆದ ಹೊಂದಾಣಿಕೆಯ ಅಂಕಿಗಳು ಮತ್ತು ಎಂಎಸಿ ವಿಳಾಸ ಫ್ಲ್ಯಾಶ್ ಸ್ಮರಣಕೋಶದ ಒಂದು ಮೂಲೆಯಲ್ಲಿರುತ್ತವೆ. ಆ ಮೂಲೆ ಎಲ್ಲಿದೆ ಎಂಬುದನ್ನು ಡಿವೈಸ್ ಟ್ರೀ ಹೇಳುತ್ತದೆ. ಅದು ತಪ್ಪಿದರೆ ಒಂದೇ ಮಾದರಿಯ ಹತ್ತು ಪೆಟ್ಟಿಗೆಗಳು ಒಂದೇ ಎಂಎಸಿ ವಿಳಾಸ ಹೊತ್ತು ಒಂದನ್ನೊಂದು ಜಾಲದಿಂದ ತಳ್ಳಾಡಬಹುದು. ಎರಡು 5 ಗಿಗಾಹರ್ಟ್ಸ್ ರೇಡಿಯೊ ಇರುವ ರೂಟರ್‌ನಲ್ಲಿ ಯಾವುದು ಕೆಳಗಿನ ಚಾನೆಲ್‌ಗಳಿಗೆ, ಯಾವುದು ಮೇಲಿನವಕ್ಕೆ ಎಂಬ ಯಂತ್ರಾಂಶದ ಮಿತಿಯನ್ನೂ ಇಲ್ಲಿ ಬರೆಯಬಹುದು. ದೇಶದ ಕಾನೂನು ವಿಧಿಸುವ ಆವರ್ತಾಂಕದ ಮಿತಿಗೆ ಮಾತ್ರ ಬೇರೆಯೇ ದತ್ತಾಂಶಕೋಶವಿದೆ. ಎರಡನ್ನೂ ಬೆರೆಸಬಾರದು.

ಇಂಥ ತಪ್ಪುಗಳನ್ನು ಮೊದಲೇ ಹಿಡಿಯಲು ಪ್ರತಿಯೊಂದು ಬಗೆಯ ಚಿಪ್ಪಿಗೂ ಯಾವ ಸಾಲು ಕಡ್ಡಾಯ, ಯಾವುದು ಐಚ್ಛಿಕ ಎಂಬ ನಿಯಮಾವಳಿಯನ್ನು ಯಂತ್ರವೇ ಪರಿಶೀಲಿಸುವ ರೂಪದಲ್ಲಿ ಬರೆದಿಡಲಾಗುತ್ತಿದೆ. ಕರ್ನಲ್ ಮೂಲದಲ್ಲಿ ‘ಡಿಟಿಬಿಎಸ್-ಚೆಕ್’ ಎಂಬ ಆಜ್ಞೆ ನೀಡಿದರೆ ಕಾಗುಣಿತದ ತಪ್ಪೂ ಬಯಲಾಗುತ್ತದೆ.

ನಕ್ಷೆ ಯಾರ ಕೈಯಲ್ಲಿ?

ತಾಂತ್ರಿಕ ವಿಷಯ ಇಲ್ಲಿಗೆ ಮುಗಿದರೂ ಹಕ್ಕಿನ ಪ್ರಶ್ನೆ ಉಳಿಯುತ್ತದೆ. ಆರಂಭದಲ್ಲಿ ಹೇಳಿದ ಪೆಟ್ಟಿಗೆಯ ವೈಫೈ ನವೀಕರಣದ ನಂತರ ಮೂಕವಾಗಲು ಒಂದು ಸಾಮಾನ್ಯ ಕಾರಣವಿದೆ. ತಯಾರಕರು ತಮ್ಮ ಅನುಕೂಲಕ್ಕೆ ತಾವೇ ಕಲ್ಪಿಸಿದ ಹೆಸರುಗಳನ್ನು ಡಿವೈಸ್ ಟ್ರೀಯಲ್ಲಿ ಬರೆದಿರುತ್ತಾರೆ. ಅವರದೇ ಹಳೆಯ ಕರ್ನಲ್ ಅದನ್ನು ಬಲ್ಲದು, ಜಗತ್ತಿನ ಉಳಿದವರು ಬಳಸುವ ಮೂಲ ಲಿನಕ್ಸ್ ಅರಿಯದು. ತಯಾರಕರು ಅಂಗಡಿ ಮುಚ್ಚಿದ ದಿನ ಅಥವಾ ಆ ಮಾದರಿಯನ್ನು ಕೈಬಿಟ್ಟ ದಿನ ಪೆಟ್ಟಿಗೆ ಅನಾಥ.

ಲಿನಕ್ಸ್ ಕರ್ನಲ್‌ಗೆ ಜಿಪಿಎಲ್ 2ನೇ ಆವೃತ್ತಿಯ ಪರವಾನಗಿ ಅನ್ವಯಿಸುತ್ತದೆ. ಅದನ್ನು ಅಳವಡಿಸಿದ ಉಪಕರಣ ಮಾರುವವರು ಅದರ ಮೂಲ ಸಂಕೇತವನ್ನು ಗ್ರಾಹಕರಿಗೆ ಒದಗಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಅಂತರ್ಜಾಲ ತಾಣವನ್ನೂ ಆರಂಭಿಸಿತು. ಆರಂಭದಲ್ಲಿ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಟ್ರ್ಯಾಕ್ಟರ್‌ನ ಬಿಡಿಭಾಗದಂತೆ ಹವಾಮಾನ ಪೆಟ್ಟಿಗೆಯ ಡಿಟಿಎಸ್ ಕಡತವೂ ದುರಸ್ತಿಗೆ ಅಗತ್ಯವಾದ ಸಾಮಗ್ರಿಯೇ ಸರಿ.

ಖರೀದಿಗೆ ಮುನ್ನ ಬೆಳೆಗಾರರು ಅಥವಾ ಅವರ ಸಂಘಗಳು ಮೂರು ಪ್ರಶ್ನೆ ಕೇಳುವುದು ಒಳಿತು. ಒಳಗಿನ ಬೋರ್ಡ್ ಯಾವುದು, ಕರ್ನಲ್ ಯಾವ ಆವೃತ್ತಿಯದು? ಈ ಬೋರ್ಡ್‌ನ ಡಿವೈಸ್ ಟ್ರೀ ಮೂಲ ಲಿನಕ್ಸ್‌ನಲ್ಲಿ ಸೇರಿದೆಯೇ? ಸೇರಿಲ್ಲವಾದರೆ ಅದರ ಮೂಲ ಕಡತವನ್ನು ಬರಹದಲ್ಲಿ ಒಪ್ಪಿ ಕೊಡುವಿರಾ? ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಯೋಚಿಸಬೇಕಾದದ್ದೇ.

ಈಗಾಗಲೇ ಪೆಟ್ಟಿಗೆ ಕೊಂಡವರಿಗೂ ಒಂದು ದಾರಿಯಿದೆ. ನಡೆಯುತ್ತಿರುವ ಲಿನಕ್ಸ್ ತನಗೆ ದೊರೆತ ಡಿವೈಸ್ ಟ್ರೀಯನ್ನು ‘ಪ್ರಾಕ್’ ಎಂಬ ಕಡತಕೋಶದೊಳಗೆ ‘ಡಿವೈಸ್-ಟ್ರೀ’ ಹೆಸರಿನಲ್ಲಿ ತೆರೆದಿಡುತ್ತದೆ. ಪೆಟ್ಟಿಗೆಯೊಳಗೆ ಪ್ರವೇಶ ಸಿಕ್ಕರೆ ಸಾಕು, ಡಿಟಿಸಿ ಅನುವಾದಕವನ್ನು ಹಿಮ್ಮುಖವಾಗಿ ನಡೆಸಿ ಓದಬಲ್ಲ ರೂಪವನ್ನು ಪಡೆಯಬಹುದು. ಬರೆದವರ ಟಿಪ್ಪಣಿಗಳು ಮರಳಿ ಬಾರವು. ಮೂಲದಲ್ಲಿದ್ದ ಹೆಸರುಗಳ ಜಾಗದಲ್ಲಿ ಬರೀ ಸಂಖ್ಯೆಗಳೂ ಇರಬಹುದು. ಆದರೂ ಯಾವ ಪಿನ್, ಯಾವ ಗಡಿಯಾರ, ಎಷ್ಟು ಹೊತ್ತು ಎಂಬ ತಿರುಳು ಉಳಿದಿರುತ್ತದೆ. ಪೆಟ್ಟಿಗೆ ಸರಿಯಾಗಿ ನಡೆಯುತ್ತಿರುವಾಗಲೇ ಈ ನಕಲು ತೆಗೆದಿಡುವುದು ಜಾಣತನ. ಕೆಟ್ಟ ಮೇಲೆ ಅದು ಏಳುತ್ತದೆಂಬ ಭರವಸೆಯಿಲ್ಲ.

ಇದು ಅಸಾಧ್ಯದ ಮಾತಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಲಿನಕ್ಸ್‌ನ ಸ್ವಯಂಸೇವಕರು 2018ರಿಂದೀಚೆಗೆ ಎಥೆರೋಸ್ ಚಿಪ್‌ಗಳ ಹಳೆಯ ರೂಟರ್‌ಗಳನ್ನು ಒಂದೊಂದಾಗಿ ಹಳೆಯ ಬೋರ್ಡ್ ಕಡತದಿಂದ ಡಿವೈಸ್ ಟ್ರೀಗೆ ವರ್ಗಾಯಿಸಿದರು. ತಯಾರಕರು ಕೈಬಿಟ್ಟ ಎಷ್ಟೋ ಮಾದರಿಗಳು ಇದರಿಂದ ಹೊಸ ಕರ್ನಲ್‌ನಲ್ಲಿ ಮತ್ತೆ ಜೀವ ಪಡೆದವು. ಒಂದು ಬೋರ್ಡ್‌ನ ತಂತಿಗಳನ್ನು ಹಿಂಬಾಲಿಸಿ ಡಿಟಿಎಸ್ ಬರೆದು ಎಲ್ಲರಿಗೂ ದೊರೆಯುವಂತೆ ಮೂಲ ಲಿನಕ್ಸ್‌ಗೆ ಸೇರಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಗೆ ತಕ್ಕ ಕೆಲಸ. ವಿಜಯಪುರದ ಕಾಲೇಜುಗಳಿಂದ ತಿಕೋಟಾದ ತೋಟಗಳಿಗೆ ಇರುವುದು ಸುಮಾರು 20 ಕಿಲೋಮೀಟರ್ ದೂರ ಮಾತ್ರ.

ಜಮೀನಿನ ಉತಾರ ಬೇರೆಯವರ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿದ್ದರೆ ಯಾವ ರೈತನಿಗೂ ನಿದ್ದೆ ಬಾರದು. ಬೆಳೆ ಕಾಯುವ ಉಪಕರಣದ ಉತಾರದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಅಗತ್ಯ.